ಹಳೇದಕ್ಕೊಂದು ಚೀಟಿ

ಹನ್ನೊಂದು ತಿಂಗಳ ಕರಾರು ಮುಗಿಯುವಷ್ಟರಲ್ಲಿ ನನ್ನ ನೌಕರಿ ಕಾಯಂ ಆಗದಿದ್ದರೆ ಬಿಜಾಪುರದಲ್ಲಿ ಔಷಧದ ಅಂಗಡಿ ಇಟ್ಟಿದ್ದ ಒಬ್ಬರಿಗೆ ನನ್ನನ್ನು ಕೊಡುವುದೆಂದು ಅವ್ವ ತೀರ್ಮಾನ ಮಾಡಿದ್ದಳು. ಹುಡುಗ ಒಳ್ಳೆಯವನೇ ಇದ್ದಿರಬೇಕು. ಫೋಟೋದಲ್ಲಿ ಕಿವಿಗಳು ಸ್ವಲ್ಪ ದೊಡ್ಡವಾಗಿ ಕಾಣುತ್ತಿದ್ದವು, ಅಷ್ಟೇ. ಆದರೆ ನನಗಾಗ ಬೇಕಾಗಿದ್ದದ್ದು ಗಂಡನಲ್ಲ, ಕಂಪನಿಯ ಮುದ್ರೆ ಇದ್ದ ಒಂದು ಕಾಗದ. ‘ಕಾಯಂ ಆದರೆ ಎರಡು ವರ್ಷ ಲಗ್ನದ ಮಾತೆತ್ತುವುದಿಲ್ಲ’ ಎಂದು ಅವ್ವನಿಂದ ದೇವರ ಮುಂದೆ ಮಾತು ತೆಗೆದುಕೊಂಡಿದ್ದೆ. ಸಾಕ್ಷಿಗೆ ಅಪ್ಪ ಇದ್ದರು. ಅವರು ಪೇಪರಿನಿಂದ ತಲೆ ಎತ್ತದೆ ‘ಹೂಂ’ ಎಂದಿದ್ದರು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ಡೊಂಬಿವಲಿಯ ಒಂದು ಚಾಳಿನಲ್ಲಿ ಇತ್ತು. ಅಪ್ಪ ಕಲ್ಯಾಣದ ರೈಲ್ವೆ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ನಾನು ಡ್ರಾಯಿಂಗ್ ಕ್ಲಾಸು ಮುಗಿಸಿ ಅಂಬರನಾಥದ ಒಂದು ಪಂಪಿನ ಕಾರ್ಖಾನೆಯಲ್ಲಿ ಟ್ರೇಸರ್ ಆಗಿ ಸೇರಿದ್ದೆ. ಊರಿಗೆ ಊರೇ ಬೆಳಿಗ್ಗೆ ಮುಂಬಯಿಯ ಕಡೆಗೆ ತೂಗಾಡಿಕೊಂಡು ಹೋಗುತ್ತಿದ್ದಾಗ ನಾನು ಎದುರಿನ ಪ್ಲಾಟ್‌ಫಾರ್ಮಿನಿಂದ ಕರ್ಜತ್ ಲೋಕಲ್ ಹಿಡಿದು, ಕಿಟಕಿ ಪಕ್ಕದ ಸೀಟಿನಲ್ಲಿ ಕಾಲು ಚಾಚಿ ಕೂತು ಹೋಗುತ್ತಿದ್ದೆ. ಆಚೆ ಪ್ಲಾಟ್‌ಫಾರ್ಮಿನ ಜನ ನನ್ನನ್ನು ನೋಡುವ ನೋಟಕ್ಕೇ ಅರ್ಧ ಪಗಾರ ಬಂದಂತಾಗುತ್ತಿತ್ತು.

ಟ್ರೇಸರ್ ಅಂದರೆ ಡ್ರಾಫ್ಟ್ಸ್‌ಮನ್ ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ ಇಂಕಿನಲ್ಲಿ ತೆಗೆಯುವವಳು. ಈ ಟ್ರೇಸಿಂಗೇ ಅಸಲು. ಅದರಿಂದ ಅಮೋನಿಯ ವಾಸನೆಯ ಪ್ರಿಂಟು ತೆಗೆದು ಶಾಪಿಗೆ, ಅಂದರೆ ಯಂತ್ರಗಳಿದ್ದ ಕಡೆಗೆ, ಕೊಡುತ್ತಿದ್ದರು. ನನ್ನ ಗೆರೆ ಚೊಕ್ಕ, ಅಂಕಿ ಇನ್ನೂ ಚೊಕ್ಕ. ಅದು ನನಗೆ ಗೊತ್ತಿತ್ತು, ಗೊತ್ತಿದೆ ಎಂಬುದು ಆಫೀಸಿಗೆಲ್ಲ ಗೊತ್ತಿತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಗೆರೆಯನ್ನು ಕೆರೆದು ಅಳಿಸಲು ಎಲ್ಲರೂ ಅರ್ಧ ಬ್ಲೇಡು ಬಳಸುತ್ತಿದ್ದರು. ನನ್ನ ಬ್ಲೇಡನ್ನು ಬೇರೆಯವರು ಮುಟ್ಟಿ ಮೊಂಡು ಮಾಡಬಾರದೆಂದು ಅದನ್ನು ಕಾಗದದಲ್ಲಿ ಸುತ್ತಿ ಊಟದ ಡಬ್ಬಿಯ ಚೀಲದಲ್ಲಿ ಅಡಗಿಸಿಡುತ್ತಿದ್ದೆ. ಈ ಬ್ಲೇಡನ್ನು ನೆನಪಿಟ್ಟುಕೊಳ್ಳಿ.

ಟ್ರೇಸಿಂಗುಗಳೆಲ್ಲ ಇರುತ್ತಿದ್ದದ್ದು ರೆಕಾರ್ಡ್ ರೂಮಿನಲ್ಲಿ. ಅಲ್ಲಿನ ಯಜಮಾನರು ಬಿಜಾಪುರದ ಕಡೆಯವರೇ, ಕಲ್ಯಾಣದಲ್ಲಿ ಮನೆ ಮಾಡಿದ್ದರು. ಮರಾಠಿಯವರೂ ಕನ್ನಡದವರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಮೊದಲ ವಾರ ನಾನು ಬ್ರ್ಯಾಕೆಟ್ ಒಂದರ ನಕ್ಷೆ ಬೇಕಾಗಿ ಹೋಗಿ, ಡ್ರಾಯರುಗಳ ಮೇಲೆ ‘ಬಿ’ ಎಲ್ಲಿದೆ ಎಂದು ಹುಡುಕುತ್ತಿದ್ದೆ. ಅಲ್ಲಿ ಬರೀ ಅಂಕಿಗಳಿದ್ದವು.

‘ಏನ ಹುಡಕಾಕತ್ತೀದಿ ತಂಗಿ?’

‘ಬ್ರ್ಯಾಕೆಟ್ ಕಾಕಾ. ಹೆಸರಿನ ಮ್ಯಾಲೆ ಜೋಡಿಸಿಲ್ಲೇನು?’

‘ಇದಕ್ಕ ನೀ ಬ್ರ್ಯಾಕೆಟ್ ಅಂತಿ. ಶಾಪಿನ್ಯಾಗ ಮೋಟರಿನ ಖುರ್ಚಿ ಅಂತಾರ. ಸಾಹೇಬರು ಇನ್ನೊಂದೇನೋ ಅಂತಾರ. ಹೆಸರು ಬಾಯಿಗೊಂದು. ನಂಬರ ಒಂದ ಇರ್ತದ. ನಂಬರ ಕೇಳ್ಕೊಂಡ ಬಾ.’

ಕೇಳಿಕೊಂಡು ಬಂದೆ. ಕಾಕಾ ಆ ಡ್ರಾಯರು ಎಳೆದು ಟ್ರೇಸಿಂಗ್ ಕೊಟ್ಟರು. ಅದರ ಜಾಗದಲ್ಲಿದ್ದ ಮೊಳೆಗೆ ನನ್ನ ಹೆಸರಿನ ಹಿತ್ತಾಳೆ ಬಿಲ್ಲೆ ತೂಗುಹಾಕಿದರು. ಪ್ರತಿಯೊಬ್ಬರಿಗೂ ಇಂಥ ಐದು ಬಿಲ್ಲೆಗಳಿದ್ದವು. ಮೊಳೆಯ ಮೇಲೆ ಬಿಲ್ಲೆ ಇದೆ ಎಂದರೆ ಆ ನಕ್ಷೆ ಒಬ್ಬರ ಕೈಯಲ್ಲಿದೆ, ಅದು ವಾಪಸು ಬರುವ ತನಕ ಇನ್ನೊಬ್ಬರು ತಿದ್ದುವಂತಿಲ್ಲ. ಮ್ಯಾನೇಜರೇ ಬಂದು ನಿಂತರೂ ಕಾಕಾ ಬಿಲ್ಲೆ ತೋರಿಸಿ ‘ಮಂಗಳವಾರ ಬರ್ರಿ’ ಎನ್ನುತ್ತಿದ್ದರು.

ಪ್ರತಿ ನಕ್ಷೆಯ ಜೊತೆ ಒಂದು ಖಾಕಿ ಲಕೋಟೆ ಇತ್ತು, ಅದರೊಳಗೆ ಚೀಟಿಗಳು. ನಿಜವಾದ ಪದ್ಧತಿ ಇದ್ದದ್ದು ಅದರಲ್ಲಿ. ಹತ್ತು ವರ್ಷ ಕಳೆದ ಮೇಲೆ ಒಂದು ಕಂಪ್ಯೂಟರು ಇದನ್ನೇ ಹೊಸ ವಿದ್ಯೆಯೆಂದು ನನಗೆ ಕಲಿಸಲು ಬಂದಿತು. ಅದನ್ನು ಆಮೇಲೆ ಹೇಳುತ್ತೇನೆ.

ನಕ್ಷೆಯಲ್ಲಿ ಏನಾದರೂ ಬದಲಾದರೆ, ಉದಾಹರಣೆಗೆ ಒಂದು ತೂತು ಹಿಗ್ಗಿದರೆ, ಟ್ರೇಸಿಂಗಿನ ಮೇಲಿನ ಹಳೆಯ ಅಂಕಿಯನ್ನು ಬ್ಲೇಡಿನಿಂದ ಕೆರೆದು ಹೊಸದನ್ನು ಬರೆಯಬೇಕು. ಮೂಲೆಯಲ್ಲಿ ‘ಎ’ ಇದ್ದದ್ದು ‘ಬಿ’ ಆಗಬೇಕು, ಮುಂದಿನ ಸಲ ‘ಸಿ’. ಜೊತೆಗೆ ಒಂದು ಚೀಟಿ ಬರೆಯಬೇಕು: ಯಾರು, ಯಾವತ್ತು, ಯಾಕೆ, ಏನು. ನಾನು ಮೊದಲ ಚೀಟಿ ಬರೆದು ಕೊಟ್ಟಾಗ ಕಾಕಾ ಅದನ್ನು ಓದಿ ಹರಿದು ಬುಟ್ಟಿಗೆ ಹಾಕಿದರು.

‘ಹೊಸಾ ಅಳತಿ ಬರದೀಯಲ್ಲ. ಹೊಸಾದು ಹಾಳ್ಯಾಗ ಕಾಣ್ತದ. ಹಳೇದು ನೀ ಕೆರದ ಒಗದಿ. ಅದಕ್ಕ ಯಾರಿದ್ದಾರ? ಚೀಟಿ ಇರೂದು ಹಳೇದಕ್ಕ.’

ನನಗೆ ಇದು ತಲೆಕೆಳಗು ಎನಿಸಿತು. ಪ್ರತಿ ಸಲದ ನಕ್ಷೆಯನ್ನೂ ಪೂರ್ತಿಯಾಗಿ ಇಟ್ಟುಕೊಂಡರೆ ಮುಗಿಯಿತಲ್ಲ, ಈ ಚೀಟಿ ಯಾಕೆ ಎಂದು ಕೇಳಿದೆ. ಕಾಕಾ ಎದ್ದು ಒಂದು ಹಳೆಯ ಪ್ರಿಂಟು ತಂದು ಮುಂದೆ ಹರಡಿದರು. ಅದು ಹಳದಿಯಾಗಿ ಗೆರೆಗಳೆಲ್ಲ ಮಾಸಿಹೋಗಿದ್ದವು. ಅಂಚನ್ನು ಹುಳ ತಿಂದಿತ್ತು. ಆಮೇಲೆ ಕೋಣೆಯ ನಾಲ್ಕು ಗೋಡೆಗಳನ್ನು ತೋರಿಸಿದರು. ಎಲ್ಲ ಕಡೆ ಕಪಾಟು ತುಂಬಿತ್ತು.

‘ಎಲ್ಲಿ ಇಡ್ಲಿ? ನನ್ನ ತಲಿ ಮ್ಯಾಲೆ? ಮತ್ತ ಇನ್ನೊಂದು ಕೇಳು. ಶಾಪಿನ ಮಂದಿಗೆ ದಿನಾ ಬೇಕಾಗೂದು ಇವತ್ತಿಂದು. ಅದು ಪೂರ್ತಿ ತಯಾರ ಇರ್ಬೇಕು, ಕೈ ಚಾಚಿದ್ರ ಸಿಗಬೇಕು. ಹಳೇದು ವರ್ಷಕ್ಕೊಮ್ಮೆ ಯಾರರ ಕೇಳ್ಯಾರು. ಕೇಳಿದಾಗ ಒಂದೊಂದ ಚೀಟಿ ಹಿಡ್ಕೊಂಡು ಹಿಂದಕ್ಕ ನಡದ್ರ ಸಿಗತದ.’

ಪರೀಕ್ಷೆಗೆಂದು ನನ್ನ ಕೈಗೆ ಒಂದು ಮುಚ್ಚಳದ ನಕ್ಷೆ ಮತ್ತು ಅದರ ಲಕೋಟೆ ಕೊಟ್ಟರು. ನಕ್ಷೆ ‘ಇ’ಯಲ್ಲಿತ್ತು, ‘ಎ’ ತೆಗೆದು ತೋರಿಸು ಎಂದರು. ನಾಲ್ಕು ಚೀಟಿಗಳು. ಮೇಲಿನದು ಹೇಳಿದಂತೆ ಒಂದು ಅಳತೆ ಹಿಂದಕ್ಕೆ ಮಾಡಿದೆ, ಅದು ‘ಡಿ’. ಇನ್ನೊಂದು ಹೇಳಿದಂತೆ ಎರಡು ತೂತು ತೆಗೆದು ಒಂದು ಗೆರೆ ಸೇರಿಸಿದೆ, ಅದು ‘ಸಿ’. ಹೀಗೆ ಊಟದ ಹೊತ್ತಿಗೆ ನಾನು ಹುಟ್ಟುವುದಕ್ಕಿಂತ ಮುಂಚಿನ ಒಂದು ಮುಚ್ಚಳ ನನ್ನ ಬೋರ್ಡಿನ ಮೇಲೆ ಬಂದು ಕೂತಿತು. ಖುಷಿಯಿಂದ ನಕ್ಕೆ. ಕಾಕಾ ನಗಲಿಲ್ಲ, ಆದರೆ ಅವತ್ತು ತಮ್ಮ ಡಬ್ಬಿಯಿಂದ ಶೇಂಗಾ ಚಟ್ನಿ ಕೊಟ್ಟರು. ಆಮೇಲೆ ದಿನವೂ ಕೊಟ್ಟರು.

ಆ ವರ್ಷದ ಖಂಡೇ ನವಮಿ ಬಂತು. ಕಾರ್ಖಾನೆಯಲ್ಲಿ ಯಂತ್ರಗಳಿಗೆ ಪೂಜೆ, ನಮ್ಮಲ್ಲಿ ಬೋರ್ಡು, ಸೆಟ್‌ಸ್ಕ್ವೇರು, ಪೆನ್ನುಗಳಿಗೆ ಪೂಜೆ. ಕಾಕಾ ಮಡಿಯುಟ್ಟು ಬಂದು ಎಲ್ಲರ ಬ್ಲೇಡು, ಹಿತ್ತಾಳೆ ಬಿಲ್ಲೆ, ರಿಜಿಸ್ಟರು ಎಲ್ಲವನ್ನೂ ಒಂದು ಮಣೆಯ ಮೇಲೆ ಪೇರಿಸಿ, ಎಲ್ಲಕ್ಕಿಂತ ಮೇಲೆ ಚೀಟಿಯ ಪ್ಯಾಡು ಇಟ್ಟು, ಅರಿಶಿನ ಕುಂಕುಮ ಏರಿಸಿ ದಾರ ಕಟ್ಟಿದರು. ಬೋರ್ಡುಗಳಿಗೂ ಅವುಗಳ ಮೇಲಿದ್ದ ಪೆನ್ನುಗಳಿಗೂ ಇದ್ದಲ್ಲೇ ಕುಂಕುಮ ಹಚ್ಚಿದರು. ಇನ್ನು ದಶಮಿ ಕಳೆದು ಪೂಜೆ ಬಿಚ್ಚುವವರೆಗೆ ಯಾರೂ ಒಂದಕ್ಷರ ಬರೆಯುವಂತಿಲ್ಲ.

‘ವರ್ಷಪೂರ್ತಿ ದುಡದಾವ. ಒಂದಿನ ಅಕ್ಷರಕ್ಕೂ ಸೂಟಿ ಬೇಕ ತಂಗಿ’ ಎಂದು ಹೇಳಿ, ಮನೆಯಲ್ಲಿ ನವರಾತ್ರಿಯ ಘಟ್ಟ ಹಾಕಿದ್ದರಿಂದ ಮಧ್ಯಾಹ್ನಕ್ಕೇ ಕಲ್ಯಾಣಕ್ಕೆ ಹೊರಟುಹೋದರು.

ನಾನು ಪ್ರಸಾದದ ಪೇಡೆ ತಿನ್ನುತ್ತ ಚಪ್ಪಲಿ ಮೆಟ್ಟುತ್ತಿದ್ದೆ. ಆಗ ಹೆಡ್ ಡ್ರಾಫ್ಟ್ಸ್‌ಮನ್ ಓಡಿಬಂದರು. ಅವರು ಉಡುಪಿಯ ಕಡೆಯವರು, ಯಾವಾಗಲೂ ಅವಸರದಲ್ಲೇ ಇರುವವರು.

‘ಹೋಗ್ಬೇಡ ಮಾರಾಯ್ತಿ. ಆ ಬ್ರ್ಯಾಕೆಟಿನ ಟ್ರೇಸಿಂಗ್ ನಿನ್ನ ಬೋರ್ಡಿನಲ್ಲೇ ಉಂಟಲ್ಲ? ಮೋಟರು ಬೇರೆ ಕಂಪನಿಯದ್ದು ಬಂದಿದೆ. ಬೋಲ್ಟಿನ ತೂತು ನಾಲ್ಕು ಮಿಲಿಮೀಟರ್ ಹತ್ತಿರ ಆಗ್ಬೇಕು. ಸಂಜೆಯ ಲಾರಿಗೆ ಪ್ರಿಂಟು ಹೋಗ್ಬೇಕು. ಎರಡು ನಿಮಿಷದ ಕೆಲಸ.’

ಟ್ರೇಸಿಂಗ್ ನಿಜಕ್ಕೂ ನನ್ನ ಬೋರ್ಡಿನ ಮೇಲಿತ್ತು. ಬ್ಲೇಡುಗಳೆಲ್ಲ ಪೂಜೆಯಲ್ಲಿದ್ದವು, ನನ್ನದೊಂದು ಬಿಟ್ಟು. ಆಫೀಸಿನಲ್ಲಿ ಅವತ್ತು ಕೆರೆಯಬಲ್ಲವಳು ನಾನೊಬ್ಬಳೇ ಎಂದು ಹೆಮ್ಮೆಯಿಂದಲೇ ಬ್ಲೇಡು ತೆಗೆದೆ. 182 ಎಂದು ಇದ್ದದ್ದನ್ನು ಕೆರೆದು 178 ಮಾಡಿದೆ. ಪ್ರಿಂಟು ತೆಗೆದರು, ಲಾರಿ ಹೋಯಿತು. ಚೀಟಿ ಬರೆಯೋಣವೆಂದರೆ ಪ್ಯಾಡು ದಾರದೊಳಗೆ ದೇವರಾಗಿ ಕೂತಿತ್ತು. ಮೂಲೆಯ ಅಕ್ಷರ ‘ಎಫ್’ ಇತ್ತು. ಅದನ್ನು ‘ಜಿ’ ಮಾಡುವವರು ಕಾಕಾ, ಅದೂ ಚೀಟಿ ನೋಡಿದ ಮೇಲೆ. ದಶಮಿ ಕಳೆದು ಬರೆದರಾಯಿತು ಎಂದುಕೊಂಡೆ.

ದಶಮಿಯ ಸಂಜೆ ಅಪ್ಪ ಅವ್ವನ ಜೊತೆ ಕಲ್ಯಾಣಕ್ಕೆ ಹೋಗಿ ಕಾಕಾ ಅವರಿಗೆ ಬನ್ನಿ ಕೊಟ್ಟು ಕಾಲಿಗೆ ಬಿದ್ದೆ. ‘ಬನ್ನಿ ತಗೊಂಡು ಬಂಗಾರಧಂಗ ಇರೂಣು’ ಎಂದು ಎಲ್ಲರೂ ಹೇಳಿಕೊಂಡೆವು. ಅವರ ಹೆಂಡತಿ ಕಾಕು ಕರಚಿಕಾಯಿ ಕೊಟ್ಟರು. ಚೀಟಿಯ ನೆನಪು ನನಗೆ ಅಲ್ಲೂ ಬರಲಿಲ್ಲ, ಮರುದಿನವೂ ಬರಲಿಲ್ಲ, ಆರು ತಿಂಗಳು ಬರಲಿಲ್ಲ.

ಏಪ್ರಿಲಿನಲ್ಲಿ ಘಟ್ಟದ ಮೇಲಿನ ಒಂದು ಊರಿನ ನೀರಿನ ಪಂಪ್‌ಹೌಸಿನಿಂದ ತಂತಿ ಸಂದೇಶ, ಆಗಿನ ಮಾತಿನಲ್ಲಿ ತಾರು, ಬಂತು. ಅವರ ಹಳೆಯ ಪಂಪಿನಲ್ಲಿ ಮೋಟರು ಕೂರುವ ಬ್ರ್ಯಾಕೆಟ್ ಸೀಳಿದೆ, ಬೇಸಿಗೆ, ಬೇಗ ಕಳಿಸಿ ಎಂದು. ಅವರ ಪಂಪು ನಮ್ಮಲ್ಲಿಂದ ಹೋದದ್ದು ನಕ್ಷೆ ‘ಸಿ’ಯಲ್ಲಿದ್ದ ಕಾಲದಲ್ಲಿ. ಈಗ ಅದು ‘ಎಚ್’ಗೆ ಬಂದಿತ್ತು. ಕಾಕಾ ಲಕೋಟೆ ಬಿಚ್ಚಿದರು, ನಾನು ಬೋರ್ಡಿಗೆ ಕೂತೆ. ಐದು ಚೀಟಿ ಹಿಂದಕ್ಕೆ ನಡೆದು ‘ಸಿ’ ತೆಗೆದೆವು. ಬ್ರ್ಯಾಕೆಟ್ ಎರಕ ಹೊಯ್ದು, ತೂತು ಕೊರೆದು, ಲಾರಿಯಲ್ಲಿ ಹೋಯಿತು. ನಾಲ್ಕನೆಯ ದಿನ ಇನ್ನೊಂದು ತಾರು. ಬೋಲ್ಟಿನ ತೂತು ಹೊಂದುತ್ತಿಲ್ಲ, ನಾಲ್ಕು ಮಿಲಿಮೀಟರ್ ವ್ಯತ್ಯಾಸ.

ತುಂಡಾದ ಬ್ರ್ಯಾಕೆಟಿನ ಅಳತೆಯನ್ನು ಅವರೇ ತಾರಿನಲ್ಲಿ ಕೊಟ್ಟಿದ್ದರು, 182. ಅದರಂತೆ ಇನ್ನೊಂದು ಮಾಡಿ ಕಳಿಸುವುದು ಕಷ್ಟವಾಗಲಿಲ್ಲ. ಕಷ್ಟ ಬಂದದ್ದು ರೆಕಾರ್ಡ್ ರೂಮಿಗೆ. ಮ್ಯಾನೇಜರು ಸ್ವತಃ ಬಂದು, ಲಕೋಟೆಗಳ ಸಾಲಿನ ಕಡೆ ಕೈ ಬೀಸಿ, ‘ಹೇ ಸಗಳಂ ರದ್ದೀತ ಘಾಲಾ’ ಎಂದರು. ಎಲ್ಲವನ್ನೂ ರದ್ದಿಗೆ ಹಾಕಿ ಎಂದು. ಇಷ್ಟು ವರ್ಷ ಚೀಟಿ ಜೋಡಿಸಿ ಕೊನೆಗೆ ಸಿಕ್ಕಿದ್ದು ತಪ್ಪು ಅಳತೆ ಎಂದೂ, ಸೋಮವಾರ ಕಾಕಾ ತಮ್ಮೆದುರು ಬಂದು ಉತ್ತರ ಕೊಡಬೇಕೆಂದೂ ಹೇಳಿ ಹೋದರು. ಕಾಕಾ ನಿವೃತ್ತರಾಗಲು ಇಪ್ಪತ್ತು ದಿನ ಉಳಿದಿತ್ತು. ನನ್ನ ಕರಾರು ಮುಗಿಯಲು ಒಂಬತ್ತು.

ಕಾಕಾ ಲಕೋಟೆ ಬಿಚ್ಚಿ ಕೂತರು. ಐದೂ ಚೀಟಿಗಳನ್ನು ಮತ್ತೆ ಓದಿದರು. ಯಾವುದರಲ್ಲೂ 182ರ ಸುದ್ದಿ ಇರಲಿಲ್ಲ. ಕೊನೆಗೆ ಟ್ರೇಸಿಂಗನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಭೂತಗನ್ನಡಿಯಿಂದ ಒಂದೊಂದೇ ಅಂಗುಲ ನೋಡತೊಡಗಿದರು. ಬ್ಲೇಡು ಕೆರೆದ ಜಾಗದಲ್ಲಿ ಕಾಗದ ತೆಳ್ಳಗಾಗಿ ಬೆಳಕು ಹೆಚ್ಚು ಬರುತ್ತದೆ. ಕೆರೆದ ಪ್ರತಿ ಜಾಗಕ್ಕೂ ಒಂದು ಚೀಟಿ ಇರಬೇಕು. ಒಂದು ಜಾಗಕ್ಕೆ ಇರಲಿಲ್ಲ.

‘ಇಲ್ಲಿ ನೋಡು’ ಎಂದು ಭೂತಗನ್ನಡಿ ನನಗೆ ಕೊಟ್ಟರು.

ನೋಡಿದೆ. 178. ಕೆರೆದು ಒರಟಾದ ಕಾಗದದ ಎಳೆಗಳಲ್ಲಿ ಒಂದಿಷ್ಟು ಕೆಂಪು. ಕುಂಕುಮ. ಅದರ ಮೇಲೆ ನನ್ನ ಚೊಕ್ಕ ಅಂಕಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಕೈ ತಾನಾಗಿ ಡಬ್ಬಿಯ ಚೀಲದ ಮೇಲೆ ಹೋಯಿತು. ಕಾಕಾ ಕನ್ನಡಕ ಒರೆಸಿಕೊಂಡು, ಚಹಾ ಕುಡಿದು ಬರುತ್ತೇನೆಂದು ಹೊರಗೆ ಹೋದರು.

ಆ ಅರ್ಧ ತಾಸು ನಾನು ಏನೇನು ಯೋಚಿಸಿದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ. ಬಿಜಾಪುರದ ದೊಡ್ಡ ಕಿವಿ ಕಣ್ಣ ಮುಂದೆ ಬಂತು. ಹೆಡ್ ಡ್ರಾಫ್ಟ್ಸ್‌ಮನ್ ಹೇಳಿದರು, ನಾನು ಮಾಡಿದೆ, ತಪ್ಪು ಅವರದೆಂದು ವಾದಿಸಿಕೊಂಡೆ. ಆರು ಜನರ ಆಫೀಸಿನಲ್ಲಿ ಯಾರು ಕೆರೆದರೆಂದು ಯಾರಿಗೆ ಗೊತ್ತಾಗುತ್ತದೆ ಎಂದೂ ಯೋಚಿಸಿದೆ. ಆಮೇಲೆ ಆ ಲಕೋಟೆಗಳ ಸಾಲು ಕಣ್ಣಿಗೆ ಬಿತ್ತು. ಅವು ರದ್ದಿಯವನ ತಕ್ಕಡಿಗೆ ಹೋಗುವುದು ನನ್ನಿಂದ.

ಊಟದ ಹೊತ್ತಿಗೆ ಕಾಕಾ ಎಂದಿನಂತೆ ಶೇಂಗಾ ಚಟ್ನಿ ಬಡಿಸಿದರು. ನಾನು ಅದನ್ನು ಮುಟ್ಟದೆ ಹೇಳಿದೆ:

‘ಕಾಕಾ, ಆ ಎಂಟು ನಂದು.’

‘ಗೊತ್ತದ.’

‘ಯಾವಾಗ ಗೊತ್ತಾತ್ರಿ?’

‘ಭೂತಗನ್ನಡಿ ಇಟ್ಟ ಕೂಡ್ಲೆ. ಎರಡು ಲಾಡು ಒಂದರ ಮ್ಯಾಲೊಂದು ಇಟ್ಟಂಗ ಎಂಟು ಬರಿಯಾಕಿ ಈ ಆಫೀಸಿನ್ಯಾಗ ನೀ ಒಬ್ಬಾಕಿನ.’

ನಾನು ನವಮಿಯ ದಿನದ ಕಥೆಯನ್ನೆಲ್ಲ ಹೇಳಿದೆ. ಅವರು ಕೇಳುತ್ತ ರೊಟ್ಟಿ ಮುರಿಯುತ್ತಿದ್ದರು. ಕೊನೆಗೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು:

‘ಹಿಂಗ ಮಾಡೂಣು. ಚೀಟಿ ನಾ ಬರೀತೇನಿ. ಹುಡುಗಿ ಅವತ್ತ ಕೊಟ್ಟಿದ್ಲು, ನಾ ಲಕೋಟಿಗೆ ಹಾಕೂದ ಮರತೆ ಅಂತ. ಇಪ್ಪತ್ತು ದಿನಕ್ಕ ಮನಿಗೆ ಹೋಗಾಂವ ನಾ. ನನಗೇನ ಮಾಡ್ಯಾರು? ನಿನ್ನ ಕಾಗದ ಬರೂದದ.’

ಸುಳ್ಳು ಹೇಳಬಾರದು, ನನಗೆ ಆಸೆಯಾಯಿತು. ಒಂದು ತುತ್ತು ಬಾಯಿಗಿಟ್ಟುಕೊಳ್ಳುವಷ್ಟು ಹೊತ್ತು ನಾನು ಮನಸ್ಸಿನಲ್ಲಿ ಒಪ್ಪಿಯೇ ಬಿಟ್ಟಿದ್ದೆ. ಆಮೇಲೆ ಸಿಟ್ಟು ಬಂತು, ಅದೂ ಅವರ ಮೇಲೆ. ನನ್ನ ಮೊದಲ ಚೀಟಿಯನ್ನು ಹರಿದು ಒಗೆದವರು, ಮ್ಯಾನೇಜರಿಗೇ ಮಂಗಳವಾರ ಬನ್ನಿ ಎಂದವರು, ಇಡೀ ಕೋಣೆಯಲ್ಲಿ ಒಂದೇ ಒಂದು ಸುಳ್ಳು ಚೀಟಿ ಬರೆಯುವುದು, ಅದು ನನ್ನ ಸಲುವಾಗಿ.

‘ನಾಳೆ ಯಾರರ ಹಿಂದಕ್ಕ ನಡಕೋತ ಬಂದ್ರ ಅದರ ಮ್ಯಾಲೆ ಕಾಲಿಡ್ತಾರ ಕಾಕಾ. ಪ್ಯಾಡ್ ಕೊಡ್ರಿ ಇಲ್ಲೆ.’

ಹೇಳಿದ ರೀತಿ ಜೋರಾಗಿಯೇ ಇತ್ತು. ಅವರು ಪ್ಯಾಡು ಕೊಟ್ಟರು. ನಾನು ಎಡಗೈಯಲ್ಲಿ ಡಬ್ಬಿ ಸರಿಸಿ, ನಕ್ಷೆಯ ನಂಬರು, ಇದ್ದದ್ದು 182, ಯಾರು ಎಂಬಲ್ಲಿ ನನ್ನ ಹೆಸರು, ಯಾವತ್ತು ಎಂಬಲ್ಲಿ ನವಮಿಯ ತಾರೀಖು, ಯಾಕೆ ಎಂಬಲ್ಲಿ ‘ಹೊಸ ಮೋಟರು, ಚೀಟಿ ಬರೆಯಲು ಮರೆತೆ’ ಎಂದು ಬರೆದೆ. ಬರೆದ ಮೇಲೆ ಹಗುರವಾಗುತ್ತದೆ ಎನ್ನುತ್ತಾರೆ. ನನಗೇನೂ ಹಗುರವಾಗಲಿಲ್ಲ, ಅಳು ಬಂತು. ಚಟ್ನಿ ಖಾರ ಎಂದು ಹೇಳಿ ಮೂಗು ಒರೆಸಿಕೊಂಡೆ.

ಕಾಕಾ ಅದನ್ನು ಎರಡು ಸಲ ಓದಿದರು. ಆಮೇಲೆ ಪ್ಯಾಡಿನಿಂದ ಇನ್ನೊಂದು ಚೀಟಿ ಹರಿದು ತಾವೇ ಬರೆಯತೊಡಗಿದರು. ಸುಳ್ಳು ಬರೆಯುತ್ತಿದ್ದಾರೆಂದು ನಾನು ಕೈ ಅಡ್ಡ ಇಟ್ಟೆ. ಅವರು ಚೀಟಿಯನ್ನು ನನ್ನ ಕಡೆ ತಿರುಗಿಸಿದರು. ಅದರಲ್ಲಿ ಇದ್ದದ್ದು ಇಷ್ಟೇ: ‘ಆ ದಿನ ಪ್ಯಾಡು ಪೂಜೆಯಲ್ಲಿತ್ತು. ಇಟ್ಟವನು ನಾನು.’ ಕೆಳಗೆ ಸಹಿ.

‘ಇದರಾಗ ಸುಳ್ಳ ಅದ ಏನು?’ ಎಂದು ಕೇಳಿದರು. ಇರಲಿಲ್ಲ. ಎರಡನ್ನೂ ಒಂದೇ ಗುಂಡುಸೂಜಿಗೆ ಚುಚ್ಚಿದರು.

ಸೋಮವಾರ ಮ್ಯಾನೇಜರ ಕೋಣೆಗೆ ನಾವಿಬ್ಬರೂ ಹೋದೆವು. ಹಿಂದಿನಿಂದ ಹೆಡ್ ಡ್ರಾಫ್ಟ್ಸ್‌ಮನ್ನೂ ಬಂದರು. ಅವರನ್ನು ಯಾರೂ ಕರೆದಿರಲಿಲ್ಲ. ಕಾಕಾ ಎರಡೂ ಚೀಟಿಗಳನ್ನು ಮ್ಯಾನೇಜರಿಗೆ ಮರಾಠಿಯಲ್ಲಿ ಓದಿ ಹೇಳಿ ಮುಗಿಸುವಷ್ಟರಲ್ಲಿ ಇವರು ಕಾಕಾ ಅವರ ಕಡೆ ತಿರುಗಿ ಮೆಲ್ಲಗೆ, ‘ನನಗೂ ಒಂದು ಚೀಟಿ ಕೊಡಿ. ಅವಸರ ಮಾಡಿಸಿದ್ದು ನಾನೇ ಅಲ್ವಾ’ ಎಂದರು. ಮ್ಯಾನೇಜರಿಗೆ ಕನ್ನಡ ಬಾರದು. ಏನೆಂದರು ಎಂದು ಕೇಳಿದರು. ಕಾಕಾ ಮರಾಠಿಯಲ್ಲಿ ಹೇಳಿದರು. ಮ್ಯಾನೇಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇಡೀ ಆಫೀಸು ತಪ್ಪೊಪ್ಪಿಗೆ ಬರೆಯಲು ಹೊರಟರೆ ಪಂಪು ಯಾರು ಮಾಡುವುದು ಎಂದು ಕೇಳಿದರು.

ಕಾಕಾ ಒಂದೇ ಮಾತು ಕೇಳಿಕೊಂಡರು. ಈ ಕಥೆ ಗೊತ್ತಿಲ್ಲದ ಒಬ್ಬ ಡ್ರಾಫ್ಟ್ಸ್‌ಮನ್ನನ್ನು ಕೂರಿಸಿ, ಈ ಚೀಟಿಯನ್ನೂ ಅದರ ಜಾಗದಲ್ಲಿ ಸೇರಿಸಿ, ಮತ್ತೊಮ್ಮೆ ‘ಎಚ್’ನಿಂದ ‘ಸಿ’ಗೆ ನಡೆಸಿ ನೋಡಿ. ಅಳತೆ 182 ಬಾರದಿದ್ದರೆ ಎಲ್ಲ ಲಕೋಟೆಗಳನ್ನೂ ನಾನೇ ರದ್ದಿಯವನಿಗೆ ಹೊತ್ತುಕೊಡುತ್ತೇನೆ ಎಂದರು. ಚೀಟಿಯ ಜಾಗವೇನೋ ‘ಎಫ್’ ಮತ್ತು ‘ಜಿ’ ನಡುವೆ. ಆದರೆ ಅಲ್ಲಿ ಯಾವ ಅಕ್ಷರವೂ ಇಲ್ಲ. ಕಾಕಾ ಅದರ ಮೇಲೆ ‘ಎಫ್ ಅರ್ಧ’ ಎಂದು ಬರೆದರು. ಮಧ್ಯಾಹ್ನದೊಳಗೆ 182 ಬಂತು, ಉಳಿದ ಎಲ್ಲ ಅಳತೆಯೂ ಸರಿ ಬಂತು. ಲಕೋಟೆಗಳು ಉಳಿದುಕೊಂಡವು.

ನನ್ನ ಕಾಗದ ಮಾತ್ರ ಬರಲಿಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ. ಇನ್ನೂ ಹನ್ನೊಂದು ತಿಂಗಳು ಕರಾರಿನ ಮೇಲೆಯೇ ಇರಬೇಕು, ಕಾಕಾ ಹೋದ ಮೇಲೆ ರೆಕಾರ್ಡ್ ರೂಮು ನೋಡಿಕೊಳ್ಳಬೇಕು ಎಂದಾಯಿತು. ಮ್ಯಾನೇಜರು ಇದನ್ನು ಶಿಕ್ಷೆ ಎಂದೇ ಹೇಳಿದರು. ಆ ಕೋಣೆಗೆ ಬೇರೆ ಯಾರೂ ಒಪ್ಪಿರಲಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಮನೆಯಲ್ಲಿ ಅವ್ವ ಬಾಗಿಲಲ್ಲೇ ಹಿಡಿದಳು.

‘ಕಾಯಂ ಆತೇನು?’

‘ಅರ್ಧ ಆಗೇದ.’

‘ಅರ್ಧ ಕಾಯಂ ಅಂದ್ರೇನ? ಬಿಜಾಪುರದಾವ್ರಿಗೆ ಅರ್ಧ ಲಗ್ನ ಮಾಡಿ ಕೊಡ್ಲೇನು?’

ಅಪ್ಪ ಪೇಪರನ್ನು ಪೂರ್ತಿ ಕೆಳಗಿಟ್ಟು ನಕ್ಕದ್ದು ನನಗೆ ನೆನಪಿರುವ ಹಾಗೆ ಅದೊಂದೇ ಸಲ. ಆಮೇಲೆ ನಾನು ನಡೆದದ್ದನ್ನೆಲ್ಲ ಹೇಳಿದೆ. ಅವ್ವ ಅದನ್ನು ಕೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡಿಗೆಮನೆಯಿಂದಲೇ ‘ಹನ್ನೊಂದು ತಿಂಗಳಂದ್ರ ಹನ್ನೊಂದ. ಹನ್ನೆರಡನೇದು ಕೇಳಾಂಗಿಲ್ಲ’ ಎಂದಳು. ಬಿಜಾಪುರದವರು ಅಷ್ಟು ದಿನ ಕಾಯಲಿಲ್ಲ, ಶ್ರಾವಣದಲ್ಲಿ ಬೇರೆ ಕಡೆ ಮಾಡಿಕೊಂಡರು. ಅವರ ಅಂಗಡಿ ಬಹಳ ಚೆನ್ನಾಗಿ ನಡೆಯಿತೆಂದು ಅವ್ವ ನನಗೆ ವರ್ಷಗಟ್ಟಲೆ ಹೇಳುತ್ತಿದ್ದಳು.

ಕಾಕಾ ಶಾಲು, ತೆಂಗಿನಕಾಯಿ ಹಿಡಿದು ಹೊರಟ ದಿನ ಹಿತ್ತಾಳೆ ಬಿಲ್ಲೆಗಳ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ‘ಬರೂ ನವಮಿಗೆ ಒಂದು ಪ್ಯಾಡು, ಒಂದು ಪೆನ್ಸಿಲು ಹೊರಗಿಡು. ದೇವರು ಸಿಟ್ಟಾಗಾಂಗಿಲ್ಲ’ ಎಂದರು. ಹಾಗೆಯೇ ಮಾಡುತ್ತ ಬಂದೆ. ಮುಂದಿನ ವರ್ಷ ಕಾಯಂ ಕಾಗದವೂ ಬಂತು.

ಎಂಬತ್ತರ ದಶಕದ ಕೊನೆಯಲ್ಲಿ ಕಂಪನಿ ತುರ್ಭೆಯಲ್ಲಿ ಹೊಸ ಆಫೀಸು ಮಾಡಿ ಅಲ್ಲಿ ಕಂಪ್ಯೂಟರು ಕೂರಿಸಿತು. ನಕ್ಷೆಯ ಚಿತ್ರ ಅದರೊಳಗೆ ಹೋಗುತ್ತಿರಲಿಲ್ಲ. ಆದರೆ ಪ್ರತಿ ಭಾಗದ ಅಳತೆಯ ಪಟ್ಟಿಯನ್ನು ಟೈಪು ಮಾಡಿ ಇಡಬಹುದು, ಬದಲಾವಣೆಗಳನ್ನೂ ಅದೇ ನೆನಪಿಟ್ಟುಕೊಳ್ಳುತ್ತದೆ ಎಂದರು. ಲಕೋಟೆಗಳೊಂದಿಗೆ ನನ್ನನ್ನೂ ಅಲ್ಲಿಗೆ ಕಳಿಸಿದರು. ಕಲಿಸಲು ಒಬ್ಬ ಇಂಜಿನಿಯರ್ ಹುಡುಗಿ ಇದ್ದಳು. ಠಾಣೆಯಲ್ಲೇ ಹುಟ್ಟಿ ಬೆಳೆದ ಕನ್ನಡದವಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುತ್ತಿದ್ದಳು, ಇಬ್ಬರಿಗೂ ಏನೂ ತೊಂದರೆಯಾಗಲಿಲ್ಲ.

ನನಗೆ ಒಳಗೆ ಏನಿದೆ ಎಂದು ನೋಡದಿದ್ದರೆ ಸಮಾಧಾನವಿಲ್ಲ. ಕೇಳಿಕೇಳಿ ಅವಳಿಂದ ಆ ಪ್ರೋಗ್ರಾಮ್ ಇಟ್ಟುಕೊಳ್ಳುವ ಫೈಲನ್ನೇ ಪರದೆಯ ಮೇಲೆ ಬಿಚ್ಚಿಸಿದೆ. ಎಲ್ಲ ಫೈಲುಗಳೂ ಒಂದೇ ಡೈರೆಕ್ಟರಿಯಲ್ಲಿದ್ದವು, ಪ್ರತಿ ಹೆಸರಿನ ಬಾಲಕ್ಕೆ ಒಂದು ಅಲ್ಪವಿರಾಮ ಮತ್ತು ‘ವಿ’ ಅಕ್ಷರ. ಅದು ನಮ್ಮ ಲಕೋಟೆ. ಫೈಲಿನ ತಲೆಯಲ್ಲಿ ಈಗಿನದು ಎಷ್ಟನೆಯದು ಎಂಬ ನಂಬರು. ಅದರ ಕೆಳಗೆ, ಯಾರಾದರೂ ತಿದ್ದಲು ತೆಗೆದುಕೊಂಡಿದ್ದರೆ ಅವರ ಹೆಸರು. ಹೆಸರಿರುವವರೆಗೆ ಇನ್ನೊಬ್ಬರು ತಿದ್ದುವಂತಿಲ್ಲ. ಅದು ಬಿಲ್ಲೆ. ಆಮೇಲೆ ಪ್ರತಿ ಸಲದ್ದೂ ಯಾರು, ಯಾವತ್ತು. ಆಮೇಲೆ ಇವತ್ತಿನ ಪಟ್ಟಿ, ಪೂರ್ತಿಯಾಗಿ, ಯಾಕೆ ಬದಲಾಯಿತು ಎಂಬ ಸಾಲಿನ ಸಮೇತ. ಅದಕ್ಕಿಂತ ಹಳೆಯವು ಯಾವುವೂ ಪೂರ್ತಿಯಾಗಿ ಇರಲಿಲ್ಲ. ಇಂಥ ಸಾಲು ತೆಗೆ, ಆ ಜಾಗದಲ್ಲಿ ಇದನ್ನು ಸೇರಿಸು ಎಂದು ತುಂಡು ತುಂಡು ಸೂಚನೆಗಳಿದ್ದವು, ಒಂದೊಂದು ಹೆಜ್ಜೆ ಹಿಂದಕ್ಕೆ.

ನಾನು ಜೋರಾಗಿ ನಕ್ಕುಬಿಟ್ಟೆ. ಹುಡುಗಿ ಗಾಬರಿಯಾದಳು. ಹೊಸದನ್ನು ಪೂರ್ತಿ ಇಟ್ಟು ಹಳೆಯದಕ್ಕೆ ಚೀಟಿ ಯಾಕೆ ಎಂದು ಕೇಳಿದೆ. ಎಲ್ಲರಿಗೂ ದಿನಾ ಬೇಕಾಗುವುದು ಹೊಸದೇ, ಅದು ತಡವಾಗಬಾರದು, ಹಳೆಯದು ಯಾವಾಗಲೋ ಒಮ್ಮೆ ಬೇಕಾಗುತ್ತದೆ ಎಂದು ಅವಳು ಹಿಂದಿಯಲ್ಲಿ ವಿವರಿಸಿದಳು. ಶೇಂಗಾ ಚಟ್ನಿಯೊಂದು ಇರಲಿಲ್ಲ, ಮಿಕ್ಕದ್ದೆಲ್ಲ ಅದೇ.

‘ಯಾರಾದ್ರೂ ಚೀಟಿ ಬರೀದನ ಕೆರದ್ರ?’ ಎಂದು ಕೇಳಿದೆ. ಹಾಗೆ ಮಾಡಲು ಇದು ಬಿಡುವುದಿಲ್ಲ ಎಂದಳು. ಹೆಸರು ಹಚ್ಚದೆ ತೆಗೆದ ಪ್ರತಿಯನ್ನು ಓದಬಹುದು, ಬರೆಯಲು ಬರುವುದಿಲ್ಲ. ಒಳಗೆ ಇಡುವಾಗಲೂ ಯಾಕೆ ಎಂದು ಕೇಳಿಯೇ ಇಡುತ್ತದೆ. ಒಂದು ಕ್ಷಣ ನನಗೆ ಹೊಟ್ಟೆಕಿಚ್ಚಾಯಿತು. ಆಗ ನನ್ನನ್ನೂ ಹೀಗೆ ಯಾರಾದರೂ ಕೇಳಿದ್ದರೆ.

ಲಕೋಟೆಗಳನ್ನು ಹಳೆಯದರಿಂದ ಶುರುಮಾಡಿ ಒಂದೊಂದಾಗಿ ಟೈಪು ಮಾಡುತ್ತ ಹೋದೆವು. ಬ್ರ್ಯಾಕೆಟಿನ ಸರದಿ ಬಂತು. ‘ಎಫ್ ಅರ್ಧ’ವನ್ನು ಯಂತ್ರ ಒಪ್ಪಲಿಲ್ಲ, ಅದಕ್ಕೆ ಅರ್ಧ ಗೊತ್ತಿಲ್ಲ. ಅದಕ್ಕೊಂದು ಇಡೀ ನಂಬರು ಕೊಟ್ಟು ಮುಂದಿನವನ್ನೆಲ್ಲ ಒಂದೊಂದು ಮುಂದೆ ಸರಿಸಿದೆವು. ಒಂದು ಬದಲಾವಣೆಗೆ ಎರಡು ಹೆಸರನ್ನೂ ಅದು ತೆಗೆದುಕೊಳ್ಳುತ್ತಿರಲಿಲ್ಲ. ಗುಂಡುಸೂಜಿ ತುಕ್ಕು ಹಿಡಿದು ಎರಡೂ ಚೀಟಿಗಳ ಮೇಲೆ ಒಂದೇ ಕಲೆ ಮಾಡಿತ್ತು. ಹುಡುಗಿ ಕೆಳಗಿದ್ದ ಕಾಕಾ ಅವರ ಚೀಟಿಯನ್ನು ಬಿಡೋಣವೇ ಎಂದು ಕೇಳಿದಳು.

ಆ ವರ್ಷದ ದಶಮಿಗೆ ನಾನು ಎಂದಿನಂತೆ ಬನ್ನಿ ಹಿಡಿದು ಕಲ್ಯಾಣಕ್ಕೆ ಹೋದೆ. ಕಾಕಾ ಅವರಿಗೆ ಕಣ್ಣು ಪೂರ್ತಿ ಮಂಜಾಗಿತ್ತು. ಕಾಕು ಕರಚಿಕಾಯಿ ತಂದಿಟ್ಟರು. ನಾನು ಯಂತ್ರದ ಕಥೆಯನ್ನೆಲ್ಲ ಹೇಳಿದೆ.

‘ಹಳೇದು ಬರದ ಇಡ್ತದೇನು, ಹೊಸಾದೇನು?’

‘ಹಳೇದ ಕಾಕಾ. ಹೊಸಾದು ಪೂರ್ತಿ ಇರ್ತದ.’

‘ಹಂಗಿದ್ರ ಶಾಣ್ಯಾ ಅದ’ ಎಂದು ತಲೆಯಾಡಿಸಿದರು. ಆಮೇಲೆ ಬ್ರ್ಯಾಕೆಟಿನ ವಿಷಯ ಹೇಳಿದೆ. ಒಂದೇ ಹೆಸರು ಹಿಡಿಸುತ್ತದೆ ಎಂದೆ.

‘ಯಾರದು ಹಾಕಿದಿ?’

‘ನಂದು.’

ಅವರ ಮುಖ ಸಣ್ಣಗಾಯಿತು. ನಾನು ಬಿಟ್ಟೆನೆಂದು ಅವರು ತಿಳಿದದ್ದು ತಮ್ಮ ತಪ್ಪಿನ ಚೀಟಿಯನ್ನು. ಬೇರೆ ಯಾರಾದರೂ ಆಗಿದ್ದರೆ ಸಂತೋಷಪಡುತ್ತಿದ್ದರು.

‘ಮತ್ತ ನನ್ನ ಚೀಟಿ?’

ಯಾಕೆ ಎಂದು ಯಂತ್ರ ಕೇಳುವ ಜಾಗದಲ್ಲಿ ಎಷ್ಟು ಬೇಕಾದರೂ ಬರೆಯಬಹುದು ಎಂದು ವಿವರಿಸಿದೆ. ಅದಕ್ಕೆ ಕನ್ನಡ ಅಕ್ಷರ ಬಾರದು, ಅದಕ್ಕೇ ಇಂಗ್ಲಿಷ್ ಅಕ್ಷರಗಳಲ್ಲಿ ಅವರ ಮಾತನ್ನು ಹಾಗೆಯೇ ಬರೆದು, ಕೆಳಗೆ ಅವರ ಹೆಸರು ಹಾಕಿದ್ದೆ. ಬಾಯಿಪಾಠ ಒಪ್ಪಿಸಿದೆ: ಆ ದಿನ ಪ್ಯಾಡು ಪೂಜೆಯಲ್ಲಿತ್ತು, ಇಟ್ಟವನು ನಾನು.

ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ಅವರು ಬನ್ನಿಯ ಎಲೆಗಳನ್ನು ಬೆರಳಿನಿಂದ ಎಣಿಸಿದಂತೆ ಮುಟ್ಟಿ ನೋಡಿ, ಎರಡು ಎಲೆ ಆರಿಸಿ ನನ್ನ ಅಂಗೈಯಲ್ಲಿ ಇಟ್ಟರು.

‘ಹಂಗಿದ್ರ ಯಾರು ಹಿಂದಕ್ಕ ನಡದು ಬಂದ್ರೂ ಎಡವಾಂಗಿಲ್ಲ’ ಎಂದರು. ‘ಕರಚಿಕಾಯಿ ತಿನ್ನು.’